‘ವಿಜ್ಞಾನವೇ ಹೇಳಿದೆಯಮ್ಮ’ ಎನ್ನುವ ಮಗನಿಗೆ ಏನು ಹೇಳಲಿ?

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನ ಗೃಹಿಣಿ, ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. 19 ವರ್ಷದ ಮಗ ತುಮಕೂರಿನಲ್ಲಿ ಪದವಿ ಓದುತ್ತಿದ್ದಾನೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಒಂದು ವರ್ಷದಿಂದ ಮೊಬೈಲಿನಲ್ಲಿ ವಿಜ್ಞಾನದ ವಿಡಿಯೊಗಳನ್ನು ನೋಡುವ ಅಭ್ಯಾಸವಾಗಿದೆ. ಮೊದಲು ಸಂತೋಷವೇ ಆಗಿತ್ತು. ಈಗ ಊಟಕ್ಕೆ ಕೂತರೆ ಸಾಕು, ಪಿಯುಸಿ ಓದುವ ತಂಗಿಯೊಡನೆ ವಾದಕ್ಕಿಳಿಯುತ್ತಾನೆ. ತೋಳಗಳಲ್ಲಿ ಇರುವಂತೆ ಮನುಷ್ಯರಲ್ಲೂ ‘ಆಲ್ಫಾ’ ಗಂಡಸರು, ಅಂದರೆ ಗುಂಪಿನ ಯಜಮಾನರು, ಇರುತ್ತಾರಂತೆ. ಹಲವು ಹೆಣ್ಣುಗಳನ್ನು ಬಯಸುವುದು ಗಂಡಿನ ಜೀವಶಾಸ್ತ್ರ, ಒಬ್ಬನನ್ನೇ ಆರಿಸಿಕೊಳ್ಳುವುದು ಹೆಣ್ಣಿನ ಜೀವಶಾಸ್ತ್ರವಂತೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ: ಕೋಣೆಯ ಕ್ಯಾಲೆಂಡರಿನಲ್ಲಿ ದಿನಗಳಿಗೆ ಗುರುತು ಹಾಕುತ್ತಾನೆ. ಅವರ ತಂದೆ ಕೇಳಿದಾಗ, ವೀರ್ಯ ಹಿಡಿದಿಟ್ಟರೆ ಏಳನೆಯ ದಿನಕ್ಕೆ ಪುರುಷ ಹಾರ್ಮೋನು ಏರುತ್ತದೆ ಎಂದನಂತೆ. ಅದಕ್ಕಾಗಿ ಯಾವುದೋ ಪುಡಿಯ ಡಬ್ಬಿಯನ್ನೂ ತರಿಸಿದ್ದಾನೆ. ಗೆಳೆಯನೊಬ್ಬ ತನಗೆ ಹುಡುಗಿಯರಲ್ಲಿ ಆಸಕ್ತಿಯಿಲ್ಲ ಎಂದು ಹೇಳಿಕೊಂಡನಂತೆ. ‘ಅದರ ಜೀನ್ ಸಿಕ್ಕಿದೆ, ಪರೀಕ್ಷೆ ಮಾಡಿಸಿ ಔಷಧ ತೆಗೆದುಕೊ’ ಎಂದು ಇವನು ಸಲಹೆ ಕೊಟ್ಟಿದ್ದಾನೆ. ಎದುರಾಡಿದರೆ ‘ವಿಜ್ಞಾನವೇ ಹೇಳಿದೆಯಮ್ಮ, ನಿನಗೆ ಗೊತ್ತಾಗಲ್ಲ’ ಎನ್ನುತ್ತಾನೆ. ಇದೆಲ್ಲ ನಿಜವೇ? ಮೊಬೈಲು ಕಿತ್ತಿಟ್ಟುಕೊಳ್ಳಲೇ, ವೈದ್ಯರಿಗೆ ತೋರಿಸಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಮಗ ಹೇಳುವುದು ವಿಜ್ಞಾನವೇ ಎಂಬುದು ಒಂದು. ಹುಡುಗ ಕೈತಪ್ಪಿ ಹೋಗುತ್ತಿದ್ದಾನೆಯೇ ಎಂಬುದು ನೀವು ಬಾಯಿಬಿಟ್ಟು ಕೇಳದ ಇನ್ನೊಂದು. ಕೇಳದಿರುವುದಕ್ಕೇ ಮೊದಲು ಉತ್ತರಿಸುತ್ತೇನೆ: ನೀವು ಬರೆದಷ್ಟರಿಂದ ನನಗೆ ಹಾಗೆ ಕಾಣುವುದಿಲ್ಲ. ಕಾಲೇಜಿಗೆ ಹೋಗುತ್ತಿದ್ದಾನೆ, ಮನೆಯವರೊಡನೆ ಕೂತು ಉಣ್ಣುತ್ತಾನೆ, ತಂದೆ ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದ್ದಾನೆ. ತುಮಕೂರಿನಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಮನೋವೈದ್ಯ ವೃತ್ತಿ ಮಾಡಿದ ಮೇಲೆ, ವಾದ ಮಾಡುವ ಹುಡುಗನಿಗಿಂತ ಮಾತೇ ಬಿಟ್ಟ ಹುಡುಗನ ಬಗ್ಗೆ ನನಗೆ ಭಯ ಜಾಸ್ತಿ.

ವಿಜ್ಞಾನದ ಪ್ರಶ್ನೆ ಅಷ್ಟು ಸುಲಭವಲ್ಲ. ಅವನ ಮಾತು ಪೂರ್ತಿ ಕಟ್ಟುಕಥೆಯಾಗಿದ್ದರೆ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಿತ್ತು. ಆದರೆ ಪ್ರತಿಯೊಂದರ ಹಿಂದೆಯೂ ಎಲ್ಲೋ ಒಂದು ನಿಜವಾದ ಸಂಶೋಧನೆಯಿದೆ. ಯಾವ ಪ್ರಾಣಿಯಲ್ಲಿ, ಎಷ್ಟು ಜನರಲ್ಲಿ, ಎಷ್ಟರ ಮಟ್ಟಿಗೆ, ಆಮೇಲೆ ಬೇರೆಯವರು ಮಾಡಿ ನೋಡಿದಾಗ ಏನಾಯಿತು ಎಂಬ ಭಾಗವಷ್ಟೇ ಪ್ರಯೋಗಾಲಯದಿಂದ ಮೊಬೈಲಿನವರೆಗಿನ ದಾರಿಯಲ್ಲಿ ಉದುರಿಹೋಗಿರುತ್ತದೆ.

ತೋಳದ ಕಥೆ ಬೇಗ ಮುಗಿಯುವಂಥದು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ, ಅವು ಕಚ್ಚಾಡಿ ಯಜಮಾನಿಕೆ ಗಿಟ್ಟಿಸುತ್ತವೆ ಎಂದು ಬರೆದರು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ವಿಚಾರವನ್ನು ಹರಡಿದರು. ಅನಂತರ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಗೊಮ್ಮೆ ಹೋಗಿ ಕಾಡುತೋಳಗಳನ್ನೇ ನೋಡುತ್ತ ಕುಳಿತರು. ಅಲ್ಲಿ ಕಂಡದ್ದು ತಂದೆ, ತಾಯಿ ಮತ್ತು ಬೇರೆ ಬೇರೆ ವಯಸ್ಸಿನ ಅವುಗಳ ಮಕ್ಕಳು. ‘ಆಲ್ಫಾ’ ಎಂಬ ಪದವೇ ದಾರಿ ತಪ್ಪಿಸುವಂಥದು, ಇದನ್ನು ತಂದೆತಾಯಿ ಎಂದರೆ ಸಾಕು ಎಂಬ ಅರ್ಥದಲ್ಲಿ 1999ರಲ್ಲಿ ಪ್ರಬಂಧ ಬರೆದರು. ನಮ್ಮ ಶಿರಾ, ಪಾವಗಡದ ಕುರಿಗಾಹಿಗಳನ್ನು ಕೇಳಿದ್ದರೂ ತೋಳದ ಸಂಸಾರದ ವಿಷಯ ಹೇಳುತ್ತಿದ್ದರೇನೋ. ಮೆಕ್ ತಮ್ಮ ಮಾತು ಹಿಂತೆಗೆದುಕೊಂಡು ಇಷ್ಟು ವರ್ಷಗಳಾದರೂ ವಿಡಿಯೊಗಳಲ್ಲಿ ಹಳೆಯ ತೋಳವೇ ಓಡಾಡುತ್ತಿದೆ.

ಗಂಡಿನ ಚಪಲ, ಹೆಣ್ಣಿನ ಸಂಕೋಚದ ಮಾತು ಹಾಗಲ್ಲ; ಅದಕ್ಕೆ ಸ್ವಲ್ಪ ಹೊತ್ತು ಬೇಕು. ಹಲಸಿನ ಕಾಲದಲ್ಲಿ ಚೇಳೂರು ಸಂತೆಯಿಂದ ತಂದ ಹಣ್ಣನ್ನು ಕೊಯ್ದು ತೊಳೆ ಬಿಡಿಸಿಟ್ಟರೆ ಎಳ್ಳಿನ ಗಾತ್ರದ ನೊಣಗಳು ಬಂದು ಮುತ್ತುವುದನ್ನು ನೀವು ನೋಡಿರುತ್ತೀರಿ. ನಿಮ್ಮ ಮಗ ಹೇಳುವ ‘ಜೀವಶಾಸ್ತ್ರ’ದ ಬೇರು ಅಂಥ ನೊಣಗಳಲ್ಲಿದೆ. 1948ರಲ್ಲಿ ಆಂಗಸ್ ಬೇಟ್‌ಮನ್ ಎಂಬ ಬ್ರಿಟಿಷ್ ವಿಜ್ಞಾನಿ ಕೆಲವೇ ಗಂಡು, ಕೆಲವೇ ಹೆಣ್ಣು ಹಣ್ಣಿನ ನೊಣಗಳನ್ನು ಸೀಸೆಯಲ್ಲಿ ಮೂರು ನಾಲ್ಕು ದಿನ ಬಿಟ್ಟು, ಹುಟ್ಟಿದ ಮರಿಗಳು ಯಾರ ಸಂತಾನ ಎಂದು ಎಣಿಸಿದರು. ಆಗ ಡಿಎನ್‌ಎ ಪರೀಕ್ಷೆ ಇರಲಿಲ್ಲವಾದ್ದರಿಂದ ಸುರುಳಿ ರೆಕ್ಕೆ, ಚಿಕ್ಕ ಕಣ್ಣು ಮೊದಲಾದ ವಂಶವಾಹಿ ದೋಷಗಳಿರುವ ನೊಣಗಳನ್ನೇ ಆರಿಸಿ, ಮರಿಯಲ್ಲಿ ಯಾವ ಗುರುತು ಕಂಡಿತೋ ಅದರ ಮೇಲೆ ತಂದೆತಾಯಿಯನ್ನು ಗೊತ್ತುಮಾಡಿದರು. ಹೆಚ್ಚು ಹೆಣ್ಣುಗಳನ್ನು ಕೂಡಿದ ಗಂಡಿಗೆ ಹೆಚ್ಚು ಮರಿಗಳು, ಹೆಣ್ಣಿಗೆ ಮಾತ್ರ ಹೆಚ್ಚು ಗಂಡುಗಳಿಂದ ಅಂಥ ಲಾಭವಿಲ್ಲ ಎಂಬ ತೀರ್ಮಾನ ಬಂತು. ನೊಣದಿಂದ ಮನುಷ್ಯನವರೆಗಿನ ಜಿಗಿತವನ್ನು ಯಾವುದೋ ಪತ್ರಕರ್ತ ಮಾಡಿದ್ದಲ್ಲ. ಬೇಟ್‌ಮನ್ ಅವರೇ ಆ ಪ್ರಬಂಧದಲ್ಲಿ ಮಾಡಿದ್ದರು. 1972ರಲ್ಲಿ ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಇದರ ಮೇಲೆ ತಮ್ಮ ಸಿದ್ಧಾಂತವನ್ನು ಕಟ್ಟಿದ ಮೇಲೆ ಅದು ಪಠ್ಯಪುಸ್ತಕಗಳಿಗೆ ಹೊಕ್ಕಿತು.

60ಕ್ಕೂ ಹೆಚ್ಚು ವರ್ಷ ಆ ಸೀಸೆಗಳನ್ನು ಯಾರೂ ಅದೇ ರೀತಿಯಲ್ಲಿ ಮತ್ತೆ ತೆರೆದು ನೋಡಿರಲಿಲ್ಲ. 2012ರಲ್ಲಿ ಅಮೆರಿಕದ ಜೀವವಿಜ್ಞಾನಿ ಪೆಟ್ರೀಷಿಯಾ ಗೋವಾಟಿ ಮತ್ತು ಸಂಗಡಿಗರು ಪ್ರಯೋಗವನ್ನು ಮತ್ತೆ ಮಾಡಿದಾಗ ಹುಳುಕು ಹೊರಬಿತ್ತು: ತಂದೆಯ ದೋಷ, ತಾಯಿಯ ದೋಷ ಎರಡನ್ನೂ ಪಡೆದ ಮರಿಗಳಲ್ಲಿ ಅನೇಕವು ದೊಡ್ಡವಾಗುವ ಮೊದಲೇ ಸಾಯುತ್ತಿದ್ದವು. ಗುರುತಾಗಿ ಬಳಸಿದ್ದೇ ಮರಿಗಳನ್ನು ಕೊಲ್ಲುತ್ತಿತ್ತು. ಉಳಿದವನ್ನಷ್ಟೇ ಎಣಿಸಿದ್ದರಿಂದ ಲೆಕ್ಕ ಓರೆಯಾಗಿತ್ತು. ಮೂಲ ಪ್ರಬಂಧದ ಎಣಿಕೆಯಲ್ಲಿ ತಂದೆ ಗೊತ್ತಾದ ಮರಿಗಳು ತಾಯಿ ಗೊತ್ತಾದ ಮರಿಗಳಿಗಿಂತ ಹೆಚ್ಚಿದ್ದವು. ಪ್ರತಿ ಮರಿಗೂ ಒಬ್ಬಳೇ ತಾಯಿ, ಒಬ್ಬನೇ ತಂದೆ ಇರುವಾಗ ಹೀಗಾಗಲು ಸಾಧ್ಯವಿಲ್ಲ. ನಿಮ್ಮ ಮಗಳಿಗೆ ಲೆಕ್ಕ ಇಷ್ಟವಾದರೆ ಇದೊಂದನ್ನು ಹೇಳಿಕೊಡಿ. ಅಣ್ಣನೊಡನೆ ವಾದಕ್ಕೆ ಅವಳಿಗೆ ಬೇರೇನೂ ಬೇಡ.

ಇದರಿಂದ ಎಲ್ಲ ಪ್ರಾಣಿಗಳಲ್ಲೂ ಗಂಡು ಹೆಣ್ಣು ಒಂದೇ ರೀತಿ ಎಂದಾಗುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಗಂಡು ಕೃಷ್ಣಮೃಗ ತನ್ನ ಜಾಗಕ್ಕಾಗಿ ಕೊಂಬು ಕೊಟ್ಟು ಕಾದಾಡುವುದನ್ನು ಯಾರು ಬೇಕಾದರೂ ನೋಡಬಹುದು. ಹಾಗೆಯೇ ಕೆರೆಗಳಲ್ಲಿ, ತೇಲುವ ತಾವರೆ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ಜಕಾನಾ ಹಕ್ಕಿಯಲ್ಲಿ ಹೆಣ್ಣು ಒಂದಾದ ಮೇಲೊಂದು ಗಂಡಿಗೆ ಮೊಟ್ಟೆಯಿಟ್ಟುಕೊಟ್ಟು ಹೊರಡುತ್ತದೆ. ಕಾವು ಕೊಡುವುದು, ಮರಿ ಸಾಕುವುದು ಗಂಡಿನ ಕೆಲಸ. ಜಕಾನಾ ತೋರಿಸಿ ಮಗನ ಬಾಯಿ ಮುಚ್ಚಿಸುವ ಆಸೆಯಾದೀತು. ದಯವಿಟ್ಟು ಮಾಡಬೇಡಿ. ಬೇಕಾದ ಪ್ರಾಣಿಯನ್ನು ಆರಿಸಿಕೊಂಡು ಮನುಷ್ಯನಿಗೆ ಬುದ್ಧಿ ಹೇಳುವುದು ವಿಡಿಯೊದವರು ಮಾಡುವ ತಪ್ಪು. ಅದನ್ನೇ ನಾವು ಮಾಡಿದರೆ ಅವನಿಗೆ ಬೇಗ ಗೊತ್ತಾಗುತ್ತದೆ. ಮನುಷ್ಯರ ವಿಷಯದಲ್ಲಿ ಒಪ್ಪಿಕೊಳ್ಳಬೇಕಾದ ಮಾತೂ ಒಂದಿದೆ. ಲೈಂಗಿಕ ಬಯಕೆಯ ಸಮೀಕ್ಷೆಗಳಲ್ಲಿ ಗಂಡಸರ ಸರಾಸರಿಗೂ ಹೆಂಗಸರ ಸರಾಸರಿಗೂ ವ್ಯತ್ಯಾಸ ಕಾಣುತ್ತದೆ. ಎತ್ತರದಲ್ಲೂ ಕಾಣುತ್ತದೆ, ಆದರೂ ಅವನು ಹತ್ತುವ ಬಸ್ಸಿನಲ್ಲಿ ಅವನಿಗಿಂತ ಎತ್ತರದ ಹುಡುಗಿಯರು ನಿಂತಿರುತ್ತಾರೆ. ಸರಾಸರಿ ಎಂಬುದು ಗುಂಪಿನ ಲೆಕ್ಕ. ಎದುರಿಗಿರುವ ತಂಗಿ ಹೇಗಿದ್ದಾಳೆ, ಹೇಗಿರಬೇಕು ಎಂಬ ಎರಡನ್ನೂ ಅದು ಹೇಳಲಾರದು.

ಇನ್ನು ಕ್ಯಾಲೆಂಡರಿನ ವಿಷಯ. ಹುಡುಗರನ್ನು ನಿಜವಾಗಿ ನೋಯಿಸುವುದು ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಏಳನೆಯ ದಿನದ ಮಾತು 2003ರಲ್ಲಿ ಪ್ರಕಟವಾದ ಒಂದು ಚೀನೀ ಅಧ್ಯಯನದ್ದು. ಅದರಲ್ಲಿದ್ದವರು 28 ಜನ. ಏಳನೆಯ ದಿನ ಪುರುಷ ಹಾರ್ಮೋನಾದ ಟೆಸ್ಟೋಸ್ಟಿರಾನ್ ಮಟ್ಟ ಏರಿದ್ದು ಕಂಡಿತು, ಆಮೇಲೆ ಸಂಯಮ ಮುಂದುವರಿಸಿದರೂ ಕ್ರಮಬದ್ಧವಾದ ಏರಿಳಿತ ಕಾಣಲಿಲ್ಲ ಎಂದು ಆ ಅಧ್ಯಯನವೇ ಹೇಳುತ್ತದೆ. ವಿಡಿಯೊದಲ್ಲಿ ಏಳನೆಯ ದಿನ ಉಳಿಯಿತು, ಎಂಟನೆಯ ದಿನ ಹೋಯಿತು. ಯುವಕರಲ್ಲಿ ಈ ಹಾರ್ಮೋನು ಹೇಗೂ ದಿನವೂ ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಬದುಕು ಕೂಡ ಅದನ್ನು ಏರಿಳಿಸುತ್ತದೆ: ಫಿಲಿಪ್ಪೀನ್ಸಿನ ಸೆಬುವಿನಲ್ಲಿ 624 ಯುವಕರನ್ನು ಕೆಲವು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯಾದವರಲ್ಲಿ ಮಟ್ಟ ಇಳಿದಿತ್ತು, ಮಗುವಿನ ಆರೈಕೆಯಲ್ಲಿ ಹೆಚ್ಚು ಹೊತ್ತು ಕಳೆದವರಲ್ಲಿ ಇನ್ನಷ್ಟು ಕಡಿಮೆಯಿತ್ತು. ಆ ಗಂಡಸರು ದುರ್ಬಲರಾದರೆಂದು ಯಾರೂ ಹೇಳಲಿಲ್ಲ.

ವೀರ್ಯ ನಷ್ಟದ ಭಯ ವಿಡಿಯೊಗಳಿಗಿಂತ ಬಹಳ ಹಳೆಯದು. ಶರೀರದ ಏಳು ಧಾತುಗಳಲ್ಲಿ ಶುಕ್ರವೇ ಕೊನೆಯದು ಎಂಬ ಆಯುರ್ವೇದದ ಕಲ್ಪನೆ ಜನರ ಬಾಯಲ್ಲಿ ಇಷ್ಟು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಎಂಬ ಲೆಕ್ಕವಾಯಿತು. ನಮ್ಮ ದೇಶದ್ದಷ್ಟೇ ಎಂದುಕೊಳ್ಳಬೇಡಿ. 18ನೆಯ ಶತಮಾನದಲ್ಲಿ ಟಿಸೊ ಎಂಬ ಸ್ವಿಸ್ ವೈದ್ಯ ಯುರೋಪಿನಲ್ಲೆಲ್ಲ ಇದೇ ಭಯ ಹಬ್ಬಿಸಿದ್ದ. ಈ ಭಯದಿಂದ ಆಯಾಸ, ನಿಶ್ಶಕ್ತಿ, ಚಿಂತೆ ಹಚ್ಚಿಕೊಂಡು ಬರುವವರ ಸ್ಥಿತಿಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಒಂದು ಸಲ ಹೊರಬರುವುದು ಸಾಮಾನ್ಯವಾಗಿ 2ರಿಂದ 5 ಮಿಲಿಲೀಟರ್, ಅದರಲ್ಲಿ ಬಹುಪಾಲು ನೀರು. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರೋಟೀನ್ ಇರುತ್ತದೆ. ವೀರ್ಯಾಣುಗಳು ಸದಾ ತಯಾರಾಗುತ್ತಲೇ ಇರುತ್ತವೆ. ಹೊರಹೋಗದ್ದನ್ನು ದೇಹ ತಾನೇ ಹೀರಿಕೊಳ್ಳುತ್ತದೆ, ಇಲ್ಲವೇ ನಿದ್ದೆಯಲ್ಲಿ ಹೊರಹಾಕುತ್ತದೆ.

ಕೆಲವು ವರ್ಷಗಳ ಹಿಂದೆ ಪಾವಗಡ ಕಡೆಯ ಯುವಕನೊಬ್ಬ 200 ಪುಟದ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟ. ಸ್ಕೇಲು ಹಿಡಿದು ಗೆರೆ ಎಳೆದ ಅಂಕಣಗಳು: ತಾರೀಖು, ಮಲಗಿದ ಹೊತ್ತು, ಎದ್ದ ಹೊತ್ತು, ತೂಕ, ಕೊನೆಯದಾಗಿ ‘ತೇಜಸ್ಸು’. ತೇಜಸ್ಸಿಗೆ ದಿನವೂ ಕನ್ನಡಿ ನೋಡಿಕೊಂಡು ಹತ್ತಕ್ಕೆ ಇಷ್ಟು ಎಂದು ತಾನೇ ಅಂಕ ಹಾಕಿಕೊಂಡಿದ್ದ. ಕೆಂಪು ಇಂಕಿನಲ್ಲಿ ‘ಸೋತೆ’ ಎಂದು ಬರೆದ ದಿನಗಳಲ್ಲಿ ಹೆಚ್ಚಿನವು ಸ್ವಪ್ನಸ್ಖಲನವಾದ ರಾತ್ರಿಗಳು. ಆಯಾಸ, ಕಾಲುನೋವು, ಓದಿದ್ದು ತಲೆಗೆ ಹತ್ತುವುದಿಲ್ಲ ಎಂಬ ದೂರುಗಳಿದ್ದವು. ಮಾಡಿಸಿದ ಪರೀಕ್ಷೆಗಳೆಲ್ಲ ಸರಿಯಿದ್ದವು. ಮಲಗಿದ, ಎದ್ದ ಹೊತ್ತಿನ ಅಂಕಣಗಳನ್ನು ಕೂಡಿ ಕಳೆದಾಗ ವಿಷಯ ಗೊತ್ತಾಯಿತು: ನಿದ್ದೆ ಬಂದರೆ ಸೋಲುತ್ತೇನೆಂದು ಹೆದರಿ ಅವನು ರಾತ್ರಿ ನಾಲ್ಕು ಗಂಟೆಯೂ ಮಲಗುತ್ತಿರಲಿಲ್ಲ. ನಿದ್ದೆಗೇಡಿನಿಂದ ಆಯಾಸ, ಆ ಆಯಾಸವೇ ವೀರ್ಯ ನಷ್ಟಕ್ಕೆ ಸಾಕ್ಷಿ. ನೋಟ್‌ಬುಕ್ ಬಿಸಾಡು ಎಂದು ನಾನು ಹೇಳಲಿಲ್ಲ. ತೇಜಸ್ಸಿನ ಅಂಕಣವೊಂದನ್ನು ಬಿಟ್ಟು, ನಿದ್ದೆಯ ಅಂಕಣವನ್ನು ಏಳು ಗಂಟೆಗೆ ಮುಟ್ಟಿಸಿ ತೋರಿಸು ಎಂದೆ. ಒಂದೂವರೆ ತಿಂಗಳ ಮೇಲೆ ಬಂದಾಗ ನೋಟ್‌ಬುಕ್ ತರುವುದನ್ನು ಮರೆತಿದ್ದ.

ಮಗನ ಗೆಳೆಯನ ವಿಷಯದಲ್ಲಿ ಮಾತ್ರ ತಡಮಾಡಬೇಡಿ. 1993ರಲ್ಲಿ ಅಮೆರಿಕದ ತಳಿವಿಜ್ಞಾನಿ ಡೀನ್ ಹೇಮರ್ ತಂಡ ಸಲಿಂಗಾಸಕ್ತ ಸಹೋದರರ 40 ಜೋಡಿಗಳನ್ನು ಪರೀಕ್ಷಿಸಿ, ಎಕ್ಸ್ ವರ್ಣತಂತುವಿನ ಒಂದು ಭಾಗಕ್ಕೆ ಸಂಬಂಧವಿರಬಹುದು ಎಂದಿತು. ಪತ್ರಿಕೆಗಳು ‘ಸಲಿಂಗಾಸಕ್ತಿಯ ಜೀನ್’ ಸಿಕ್ಕಿತು ಎಂದವು. 1999ರಲ್ಲಿ ಬೇರೊಂದು ತಂಡಕ್ಕೆ ಆ ಸಂಬಂಧ ಕಾಣಲಿಲ್ಲ. 2019ರಲ್ಲಿ 4.7 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಹುಡುಕಿದ ಅಧ್ಯಯನಕ್ಕೆ ಸಿಕ್ಕಿದ್ದು ಡಿಎನ್‌ಎಯಲ್ಲಿ ತೀರ ಸಣ್ಣ ಪ್ರಭಾವದ ಐದು ಜಾಗಗಳು. ಅವುಗಳಿಂದ ಒಬ್ಬ ವ್ಯಕ್ತಿಯ ಬಗ್ಗೆ ಏನನ್ನೂ ಮುಂದಾಗಿ ಹೇಳಲಾಗದು ಎಂದು ಸಂಶೋಧಕರೇ ಸ್ಪಷ್ಟಪಡಿಸಿದರು. ಒಂದೇ ಜೀನ್ ಇಲ್ಲವೆಂದ ಮಾತ್ರಕ್ಕೆ ಅದು ಕೆಟ್ಟ ಸಹವಾಸದ ಫಲ ಎಂದು ತಿಳಿಯುವುದೂ ತಪ್ಪು. ಪರೀಕ್ಷೆಯಿಲ್ಲ, ಔಷಧವಿಲ್ಲ, ಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ, 2018ರಲ್ಲಿ ನಮ್ಮ ಸುಪ್ರೀಂ ಕೋರ್ಟು ಇದನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿದೆ, ‘ಬದಲಾಯಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ. ಅಂಥ ‘ಚಿಕಿತ್ಸೆ’ಗಳಿಂದ ಖಿನ್ನತೆಗೆ, ಆತ್ಮಹತ್ಯೆಯ ಯೋಚನೆಗೆ ಜಾರಿದವರನ್ನು ನಾನು ನೋಡಿದ್ದೇನೆ. ಆ ಹುಡುಗ ನಂಬಿಕೆಯಿಟ್ಟು ಹೇಳಿಕೊಂಡ ಮಾತು ಊರಿನಲ್ಲಿ ಇನ್ನೊಬ್ಬರ ಕಿವಿಗೆ ಬೀಳದಂತೆ ನೋಡಿಕೊಳ್ಳುವುದೇ ನಿಮ್ಮ ಮಗ ಅವನಿಗೆ ಮಾಡಬಹುದಾದ ಉಪಕಾರ.

ವಿಜ್ಞಾನದ ಸುದ್ದಿ ಹೀಗೇಕಾಗುತ್ತದೆ ಎಂದು ನೀವು ಕೇಳಬಹುದು. ಮೊಬೈಲನ್ನಷ್ಟೇ ದೂರುವಂತಿಲ್ಲ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಆರೋಗ್ಯ ಸಂಶೋಧನೆಗಳ ಬಗ್ಗೆ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಪ್ರಾಣಿಗಳ ಮೇಲಿನ ಸಂಶೋಧನೆಯ ಪ್ರಕಟಣೆಗಳ ಪೈಕಿ, ಕಂಡದ್ದನ್ನು ಮನುಷ್ಯನಿಗೆ ಹಿಗ್ಗಿಸಿ ಹೇಳಿದವು ಶೇ 36ರಷ್ಟಿದ್ದವು. ಉತ್ಪ್ರೇಕ್ಷೆಯ ಮೊದಲ ಸುತ್ತು ವಿಶ್ವವಿದ್ಯಾಲಯದ ಬಾಗಿಲಲ್ಲೇ ಆಗಿರುತ್ತದೆ. ಪತ್ರಿಕೆಗೆ, ಆಮೇಲೆ ಅರ್ಧ ನಿಮಿಷದ ವಿಡಿಯೊಗೆ ಇಳಿಯುವಾಗ ‘ಕೆಲವರಲ್ಲಿ’ ಎಂಬ ಪದಕ್ಕೆ ಜಾಗವಿರುವುದಿಲ್ಲ. ಹಿಂದೆ ಬಸ್ ನಿಲ್ದಾಣದ ಗೋಡೆಗಳ ಮೇಲೆ, ಇಂಥ ಲಾಡ್ಜಿನಲ್ಲಿ ತಿಂಗಳಿಗೊಮ್ಮೆ ಸಿಗುತ್ತಾರೆ ಎಂದು ‘ಗುಪ್ತರೋಗ ತಜ್ಞರ’ ಜಾಹೀರಾತು ಇರುತ್ತಿತ್ತು; ಅದೇ ಸರಕು ಈಗ ಬಿಳಿಕೋಟು ತೊಟ್ಟು, ಹಾರ್ಮೋನಿನ ಹೆಸರು ಹೇಳಿಕೊಂಡು ಬರುತ್ತದೆ. ಇನ್ನೊಂದು ಕಾರಣ ನಮ್ಮಲ್ಲೇ ಇದೆ. ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವುದು ನಮ್ಮ ಕಾಲದಲ್ಲೂ ಇತ್ತು. ಕನ್ನಡದಲ್ಲಿ ಈ ವಿಷಯಕ್ಕೆ ಪಠ್ಯಪುಸ್ತಕದ ಸಂಸ್ಕೃತ ಪದಗಳಿವೆ, ಬೀದಿಯ ಬೈಗುಳಗಳಿವೆ. ಮನೆಯಲ್ಲಿ ಆಡಬಹುದಾದ ಮಾತುಗಳು ಕಡಿಮೆ. ವಿಡಿಯೊದವನು ಮಾಮೂಲಿ ಮಾತಿನಲ್ಲಿ, ನಾಚಿಕೆಯಿಲ್ಲದೆ ಹೇಳುತ್ತಾನೆ. ಹುಡುಗ ಕಿವಿಗೊಡುವುದು ಮೊದಲು ಅದಕ್ಕೇ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊಬೈಲು ಕಿತ್ತುಕೊಳ್ಳುವುದು ಸುಲಭದ್ದೆನಿಸುತ್ತದೆ. ನನ್ನ ಅನುಭವದಲ್ಲಿ ಅದು ಹೆಚ್ಚು ಕೆಡಿಸುತ್ತದೆ. 19ರ ಹುಡುಗನಿಗೆ ಗೆಳೆಯರ ಮೊಬೈಲು ಇದ್ದೇ ಇರುತ್ತದೆ, ನಿಮ್ಮೊಡನೆ ಆಡುವ ಮಾತು ಮಾತ್ರ ನಿಲ್ಲುತ್ತದೆ. ಊಟದ ಹೊತ್ತಿನಲ್ಲಿ ಎಲ್ಲರೆದುರು ಅವನನ್ನು ಸೋಲಿಸುವುದೂ ಬೇಡ; ಸೋತ ಮೇಲೆ ಗೆಲ್ಲುವುದಕ್ಕಾಗಿಯೇ ಇನ್ನೂ ಹತ್ತು ವಿಡಿಯೊ ನೋಡುತ್ತಾನೆ. ತಂಗಿಯನ್ನು ಕೀಳಾಗಿಸಿ ಮಾತಾಡಿದಾಗ ಮಾತ್ರ ಅಲ್ಲೇ ತಡೆಯಿರಿ. ಅದಕ್ಕೆ ವಿಜ್ಞಾನ ಬೇಕಿಲ್ಲ, ‘ಈ ಮನೆಯಲ್ಲಿ ಹಾಗೆ ಮಾತಾಡುವಂತಿಲ್ಲ’ ಎಂದರೆ ಸಾಕು. ನಾನು ಒಳ್ಳೆಯದೆನ್ನುವುದು ಇದು: ಒಂದು ವಿಡಿಯೊ ನನಗೂ ತೋರಿಸು ಎಂದು ಪಕ್ಕದಲ್ಲಿ ಕೂತು ನೋಡಿ, ಇದನ್ನು ಯಾವ ಪ್ರಾಣಿಯಲ್ಲಿ ನೋಡಿದರು, ಎಷ್ಟು ಜನರಲ್ಲಿ ನೋಡಿದರು, ಬೇರೆಯವರಿಗೂ ಹಾಗೇ ಕಂಡಿತೇ ಎಂದು ಕೇಳಿ, ಉತ್ತರ ಹುಡುಕುವ ಕೆಲಸವನ್ನು ಅವನಿಗೇ ಬಿಡಿ. ಇದರಲ್ಲೂ ಅಪಾಯವಿಲ್ಲದಿಲ್ಲ, ನಿಧಾನದ ಕೆಲಸ, ನಿಮ್ಮ ತಾಳ್ಮೆ ಮೊದಲು ಮುಗಿಯಬಹುದು. ಕ್ಯಾಲೆಂಡರಿನ ಮಾತನ್ನು ಅವರ ತಂದೆ ಆಡಿದರೆ ಒಳ್ಳೆಯದು, ಅದೂ ಇಬ್ಬರೇ ಇದ್ದಾಗ, ತಮಗೆ ಆ ವಯಸ್ಸಿನಲ್ಲಿ ಇದ್ದ ಭಯದಿಂದ ಶುರುಮಾಡಿ.

ವೈದ್ಯರಿಗೆ ತೋರಿಸಲೇಬೇಕಾದ ಸಂದರ್ಭಗಳೂ ಇವೆ. ನಿದ್ದೆ ಕೆಟ್ಟರೆ, ತೂಕ ಇಳಿದರೆ, ಕಾಲೇಜು ತಪ್ಪಿಸತೊಡಗಿದರೆ, ‘ನನ್ನಿಂದ ಏನೂ ಆಗದು’ ಎಂಬಂಥ ಮಾತು ಬಂದರೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇದೆಯೇ ವಿಚಾರಿಸಿ. ಫೋನಿನಲ್ಲಿ ಮಾತಾಡುವುದಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ.

ಇವೆಲ್ಲಕ್ಕಿಂತ ಮೊದಲು ಆ ಪುಡಿಯನ್ನು ನಿಲ್ಲಿಸಲು ಹೇಳಿ. ಡಬ್ಬಿಯ ಮೇಲೆ ಆಹಾರ ಪರವಾನಗಿಯ ಸಂಖ್ಯೆ ಇದ್ದರೆ ಪುಡಿ ಕೆಲಸ ಮಾಡುತ್ತದೆ ಎಂದು ಸರ್ಕಾರ ಒಪ್ಪಿದೆ ಎಂದರ್ಥವಲ್ಲ. ಇಂಥ ಕೆಲವು ಪುಡಿಗಳಲ್ಲಿ ಹೆಸರು ಹೇಳದೆ ಸ್ಟೀರಾಯ್ಡ್, ಅಂದರೆ ಪುರುಷ ಹಾರ್ಮೋನಿನಂತೆ ಕೆಲಸ ಮಾಡುವ ರಾಸಾಯನಿಕ, ಬೆರೆಸಿರುವುದುಂಟು. ಪುರುಷ ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಮಿದುಳು ‘ಇನ್ನು ಸಾಕು’ ಎಂದು ವೃಷಣಗಳಿಗೆ ಕಳಿಸುವ ಸಂದೇಶವನ್ನು ತಗ್ಗಿಸುತ್ತದೆ, ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ. ಅವನು ಉಳಿಸಲು ಹೊರಟದ್ದೇ ಕಡಿಮೆಯಾಗುತ್ತದೆ. ಈ ಒಂದು ಮಾತನ್ನು ಅವನು ಕೇಳಿಯಾನು ಎನಿಸುತ್ತದೆ. ಕಣ್ಣು, ಮೂತ್ರ ಹಳದಿಯಾದರೆ, ಎದೆಯಲ್ಲಿ ಗಂಟು ಅಥವಾ ನೋವು ಕಂಡರೆ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ. ಡಬ್ಬಿಯನ್ನು ತಿಪ್ಪೆಗೆ ಎಸೆಯಬೇಡಿ. ಎಷ್ಟು ಖಾಲಿಯಾಗಿದೆ ಎಂಬುದೂ ವೈದ್ಯರಿಗೆ ಬೇಕಾಗುತ್ತದೆ. ಬರುವಾಗ ಮುಚ್ಚಳ, ಚೀಟಿ ಸಮೇತ ತನ್ನಿ.